ಅಳಿಯಂದಿರ ಬ್ರೆಡ್ಡು

ಅವತ್ತಿನ ರಾದ್ಧಾಂತಕ್ಕೆಲ್ಲ ಮೂಲ ಸೊಟ್ಟಗೆ ಉಬ್ಬಿದ ಒಂದು ಬ್ರೆಡ್ಡು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಹಳ್ಳ. ಬೇರೆ ಯಾರು ಮಾಡಿದ್ದರೂ ಬೇಕರಿಯವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಆದರೆ ಅದನ್ನು ಮಾಡಿದವನು ಯಜಮಾನರ ಮಗಳ ಗಂಡ.

"ಎಂಥಾ ಠೀವಿ ನೋಡ್ರೋ ಅದಕ್ಕೆ!" ಎಂದ ಕೌಂಟರಿನವನು.

"ಅಳಿಯಂದಿರ ಕೈಗುಣ," ಎಂದ ಹಿಟ್ಟು ನಾದುವವನು.

ಅಳಿಯನಿಗೆ ಮೈಯೆಲ್ಲ ಉರಿಯಿತು. ಮದುವೆಗೆ ಮುಂಚೆ ಬೇರೆಲ್ಲೋ ಬೈಸಿಕೊಂಡು, ಬೆರಳು ಸುಟ್ಟುಕೊಂಡು ಕಲಿತ ಕೆಲಸ ಅವನದು. ಮದುವೆಯಾದದ್ದೇ ತಡ, ಮಾವ ಅವನನ್ನು ತಮ್ಮ ಬೇಕರಿಗೆ ಮೇಸ್ತ್ರಿ ಮಾಡಿ ಕೂರಿಸಿದರು. ಆ ಜಾಗಕ್ಕೆ ಕಾದಿದ್ದ ಭಟ್ಟಿಯವನು ಭಟ್ಟಿಯ ಮುಂದೆಯೇ ಬೇಯುತ್ತ ಉಳಿದ. ಅಂದಿನಿಂದ ಅಳಿಯನ ಬ್ರೆಡ್ಡನ್ನು ಒಬ್ಬರೂ ಹಳಿದಿಲ್ಲ. ಹಳಿಯುವವರೇ ಇಲ್ಲದ ಮೇಲೆ ಹೊಗಳಿಕೆಗೆ ಏನು ಕಿಮ್ಮತ್ತು? ತನಗೆ ಕೆಲಸ ಬರುತ್ತದೋ ಇಲ್ಲವೋ ಎಂಬುದೇ ಈಗ ಅವನಿಗೆ ಗೊತ್ತಿರಲಿಲ್ಲ. ನಿದ್ದೆ ಹತ್ತುತ್ತಿರಲಿಲ್ಲ, ಉಂಡದ್ದು ಮೈಗೆ ಹಿಡಿಯುತ್ತಿರಲಿಲ್ಲ. ಹೆಂಡತಿಗೆ ಹೇಳಿಕೊಂಡರೆ, "ಹೊಗಳಿದ್ರೆ ಹೊಟ್ಟೆನೋವು ಬರೋದು ನಿಮಗೊಬ್ಬರಿಗೇ ಕಣ್ರೀ," ಎಂದು ಮಗ್ಗುಲು ಬದಲಿಸುತ್ತಿದ್ದಳು.

ಇವತ್ತು ಬೈಸಿಕೊಂಡೇ ತೀರುತ್ತೇನೆ ಎಂದು ಅವನು ಹಟ ಹಿಡಿದ. ಒಮ್ಮೆ ಬೈದರೆ ತಾನೂ ಎಲ್ಲರಂತೆ ಕೆಲಸಗಾರ. ಆಮೇಲೆ ಯಾರಾದರೂ ಹೊಗಳಿದರೆ ನಂಬಬಹುದು.

ಮುಂದಿನ ಹಿಟ್ಟಿಗೆ ಬೇಕೆಂದೇ ಉಪ್ಪು ಹಾಕಲಿಲ್ಲ. ಬೆಂದ ಬ್ರೆಡ್ಡಿನ ತುಂಡೊಂದನ್ನು ಕೌಂಟರಿನವನು ಬಾಯಿಗೆ ಹಾಕಿಕೊಂಡ. ಅವನ ಮುಖ ಹುಳ್ಳಗಾಯಿತು. ಅಳಿಯನಿಗೆ ಹಿಗ್ಗೋ ಹಿಗ್ಗು.

"ಹೇಗಿದೆ? ಬಾಯಿಬಿಟ್ಟು ಹೇಳು ಮಾರಾಯ!"

"ಬಿಪಿ ಇರೋರಿಗೆ ಹೇಳಿ ಮಾಡಿಸಿದ ಹಾಗಿದೆ! ಇಂಥ ಯೋಚನೆ ನಮ್ಮಂಥೋರ ತಲೆಗೆ ಹೊಳೆಯುತ್ತಾ?"

ಮಧ್ಯಾಹ್ನದೊಳಗೆ ಅದಷ್ಟೂ ಖರ್ಚಾಯಿತು. ಇದು ಸಾಲದು ಎಂದುಕೊಂಡ ಅಳಿಯ, ಬನ್ನಿನ ಟ್ರೇಯನ್ನು ಭಟ್ಟಿಗೆ ತಳ್ಳಿ, ಭಟ್ಟಿಯವನನ್ನು ಟೀ ಕುಡಿಯಲು ಕಳಿಸಿ, ಕೈಕಟ್ಟಿ ನಿಂತ. ಹೊಗೆ ಬಂತು, ಅವನು ಕದಲಲಿಲ್ಲ. ಟ್ರೇ ಹೊರಗೆಳೆದಾಗ ಬನ್ನಿಗೂ ಇದ್ದಿಲಿಗೂ ವ್ಯತ್ಯಾಸ ಇರಲಿಲ್ಲ. ಮೂಗು ಮುಚ್ಚಿಕೊಂಡು ಮಾವ ಓಡಿಬಂದರು.

"ಯಾವನೋ ಇದನ್ನ ಸುಟ್ಟಿದ್ದು?"

ಅಳಿಯ ಸಂತೋಷದಿಂದ ಬಾಯಿ ತೆರೆಯುವಷ್ಟರಲ್ಲಿ ಭಟ್ಟಿಯವನು ಏದುಸಿರು ಬಿಡುತ್ತ ಬಂದು ನಡುವೆ ನಿಂತ. "ನಂದೇ ತಪ್ಪು ಯಜಮಾನ್ರೇ!"

ಅಳಿಯ ಹಗಲೂ ರಾತ್ರಿ ಹಂಬಲಿಸಿದ್ದ ಬೈಗುಳವೆಲ್ಲ ಭಟ್ಟಿಯವನ ತಲೆಯ ಮೇಲೆ ಸುರಿಯಿತು. ಕೊನೆಗೆ, "ನಾಳೆಯಿಂದ ಈ ಕಡೆ ತಲೆ ಹಾಕಬೇಡ!" ಎಂದರು ಮಾವ. ಅಳಿಯನಿಗೆ ನಾಚಿಕೆಯಿಂದ ಕಿವಿ ಕೆಂಪಾಯಿತು.

"ಮಾವ, ಸುಟ್ಟಿದ್ದು ನಾನು. ಬೇಕಂತಲೇ ಸುಟ್ಟೆ. ಬೈಯೋದಿದ್ರೆ ನನಗೆ ಬೈಯಿರಿ!"

ಮಾವನ ಕಣ್ಣು ತುಂಬಿ ಬಂತು. "ನೋಡಿದ್ರೇನ್ರಯ್ಯ? ಕೆಲಸದವನ ತಪ್ಪನ್ನ ತಮ್ಮ ಮೈಮೇಲೆ ಹಾಕ್ಕೋತಿದ್ದಾರೆ. ಎಷ್ಟು ದೊಡ್ಡ ಮನಸ್ಸು!"

ಎಲ್ಲರೂ ಚಪ್ಪಾಳೆ ತಟ್ಟಿದರು. ಭಟ್ಟಿಯವನೂ ತಟ್ಟಿದ.

ಅಳಿಯ ಏಪ್ರನ್ ಕಿತ್ತು ನೆಲಕ್ಕೆ ಒಗೆದ. "ಸಾಕು ಮಾಡಿ! ಇನ್ಮೇಲೆ ಇವನೇ ಮೇಸ್ತ್ರಿ. ಇವನನ್ನ ಕಳಿಸಿದ್ರೆ ಬಾಗಿಲಲ್ಲೇ ಧರಣಿ ಕೂರ್ತೀನಿ. ನಾನು ನನ್ನ ಕೈ ನಂಬಿಕೊಂಡು ಹೊರಟೆ!"

"ಅಳಿಯಂದಿರು ಹೇಳಿದ ಮೇಲೆ ಮುಗೀತು," ಎಂದರು ಮಾವ. ಅರ್ಹತೆಯಿದ್ದೂ ಸಿಗದ ಮೇಸ್ತ್ರಿಗಿರಿ ಭಟ್ಟಿಯವನಿಗೆ ಕೊನೆಗೂ ಸಿಕ್ಕಿತು, ಅದೂ ಅಳಿಯನ ಶಿಫಾರಸಿನಿಂದ.

ಅಳಿಯ ರಸ್ತೆ ದಾಟಿ ನೇರ ಎದುರಿನ ಬೇಕರಿಗೆ ನುಗ್ಗಿದ. "ಸ್ವಾಮಿ, ಒಂದೇ ಒಂದು ಬ್ರೆಡ್ ಮಾಡ್ತೀನಿ. ಚೆನ್ನಾಗಿದ್ರೆ ಕೆಲಸ ಕೊಡಿ, ಇಲ್ಲಾಂದ್ರೆ ಮುಖದ ಮೇಲೆ ಎಸೀರಿ."

ಆ ಮಾಲೀಕರು ಅವನನ್ನು ಮೇಲಿಂದ ಕೆಳಗೆ ನೋಡಿ ತಲೆಯಾಡಿಸಿದರು. ಅಳಿಯ ಮನಸ್ಸಿಟ್ಟು ನಾದಿದ. ಹಿಟ್ಟು ಉಬ್ಬುವವರೆಗೆ ಹೆರಿಗೆ ಕೋಣೆಯ ಹೊರಗೆ ಕಾಯುವ ಗಂಡನಂತೆ ಶತಪಥ ಹಾಕಿದ. ಹೊಂಬಣ್ಣದ ಬ್ರೆಡ್ಡು ಹೊರಬಂತು. ಮಾಲೀಕರು ಒಂದು ತುಂಡು ಅಗಿದು ನುಂಗಿದರು.

"ನಾಳೆಯಿಂದ ಬಾ. ನೀನೇ ಮೇಸ್ತ್ರಿ."

ಅಳಿಯ ಮಾಲೀಕರ ಕೈ ಹಿಡಿದುಕೊಂಡ. "ಅಷ್ಟು ರುಚಿಯಾಗಿದೆಯಾ ಸ್ವಾಮಿ?"

"ರುಚೀನಾ? ನನಗೆ ವಾರದಿಂದ ನೆಗಡಿ. ಬ್ರೆಡ್ಡೂ ಒಂದೇ, ಬೈಹುಲ್ಲೂ ಒಂದೇ. ಆ ಎದುರಿನ ಯಜಮಾನನ ಅಳಿಯ ನನ್ನ ಅಂಗಡಿ ಗಾಜಿನ ಹಿಂದೆ ಕೂತಿದ್ರೆ ಸಾಕು, ನಿನ್ನ ಮಾವನ ಹೊಟ್ಟೆ ಉರಿಯುತ್ತಲ್ಲ! ನೀನು ಹಿಟ್ಟು ಮುಟ್ಟೋದೇ ಬೇಡ."

"ನಿಮ್ಮ ಗಾಜಿನ ಹಿಂದೆ ಗೊಂಬೆ ಇಟ್ಕೊಳ್ಳಿ!" ಎಂದು ಅಬ್ಬರಿಸಿ, ಅಳಿಯ ಬ್ರೆಡ್ಡನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಬಿದ್ದ. ಫುಟ್‌ಪಾತಿನ ಮೇಲೆ ಕೂತು ಒಂದು ತುಂಡು ಮುರಿದು ತಿಂದ. ಅವನ ನಾಲಿಗೆಗೆ ಚೆನ್ನಾಗಿಯೇ ಇತ್ತು. ಆದರೆ ಹೆತ್ತವರಿಗೆ ಹೆಗ್ಗಣ ಮುದ್ದು. ಬೇರೆ ನಾಲಿಗೆ ಬೇಕಿತ್ತು.

ಚೀಲ ಹಿಡಿದು ಹೋಗುತ್ತಿದ್ದ ಅಪರಿಚಿತ ಅಜ್ಜಿಯೊಬ್ಬರನ್ನು ನಿಲ್ಲಿಸಿದ. "ಅಜ್ಜಿ, ಇದನ್ನ ತಿಂದು ಇದ್ದದ್ದು ಇದ್ದ ಹಾಗೆ ಹೇಳಿ. ಮುಲಾಜು ನೋಡಬೇಡಿ."

ಅಜ್ಜಿ ನಿಧಾನವಾಗಿ ಅಗಿದರು. ಹುಬ್ಬು ಗಂಟಿಕ್ಕಿದರು. "ಹೇಳ್ತೀನಿ ಬೇಜಾರು ಮಾಡ್ಕೋಬೇಡ ಕಣಪ್ಪ. ಇದು ಸ್ವಲ್ಪ..."

ಅಳಿಯ ಉಸಿರು ಬಿಗಿಹಿಡಿದ. ಅಜ್ಜಿ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು, ಬ್ರೆಡ್ಡನ್ನು ಬಿಟ್ಟು ಅವನ ಮುಖವನ್ನು ನೋಡಿದರು.

"ಅಯ್ಯೋ, ನೀವು ಬೇಕರಿ ಯಜಮಾನರ ಅಳಿಯಂದಿರಲ್ವಾ! ಬ್ರೆಡ್ಡು ಅಂದ್ರೆ ಇದಪ್ಪ ಬ್ರೆಡ್ಡು! ಅಮೃತ!"

"ಸ್ವಲ್ಪ ಏನು ಅಜ್ಜಿ? ಸ್ವಲ್ಪ ಏನು? ನಿಮ್ಮ ಕಾಲಿಗೆ ಬೀಳ್ತೀನಿ, ಹೇಳಿ!"

"ಅದಿರಲಿ ಬಿಡಿ," ಅಜ್ಜಿ ದನಿ ತಗ್ಗಿಸಿ ಅವನ ಪಕ್ಕದಲ್ಲಿ ಕೂತರು. "ನನ್ನ ಮೊಮ್ಮಗ ಒಬ್ಬ ಖಾಲಿ ಕೂತಿದ್ದಾನೆ. ನಿಮ್ಮ ಮಾವನ ಕಿವಿಗೆ ಒಂದು ಮಾತು ಹಾಕ್ತೀರಾ?"