ಬೈಕಿಗೊಂದು ಜೇಬು

ಬೈಕಿಗೆ ಒಂದು ಜೇಬು ಹೊಲಿಯುವುದೆಂದರೆ ತನಗೆ ನೀರು ಕುಡಿದ ಹಾಗೆ ಎಂದು ಟೇಪಕ್ಕ ಮೆಕ್ಯಾನಿಕ್ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಹೇಳಿ ಬಂದಳು. ಹೇಳಿದ್ದು ಶುಕ್ರವಾರ. ಆ ನೀರು ಗಂಟಲಿಗೆ ಸಿಕ್ಕಿಕೊಂಡದ್ದು ಭಾನುವಾರ.

ಟೇಪಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಅವಳು ದರ್ಜಿ. ಪರದೆ, ದಿಂಬಿನ ಚೀಲ, ಸೋಫಾ ಕವರು, ಏನು ಕೊಟ್ಟರೂ ಹೊಲಿಯುತ್ತಾಳೆ. ಅಳತೆಯ ಟೇಪು ಸದಾ ಕೊರಳಲ್ಲಿ. ಮಲಗುವಾಗಲಾದರೂ ಅದನ್ನು ತೆಗೆಯುತ್ತಾಳೋ ಇಲ್ಲವೋ, ಗೊತ್ತಿದ್ದದ್ದು ಅವಳ ಗಂಡನೊಬ್ಬನಿಗೆ. ಅವನು ಹೋಗಿ ಏಳು ತಿಂಗಳಾಯಿತು.

ಹೊಲಿಯುವುದು ಅವಳು, ತಲುಪಿಸುವುದು ಅವನು. ಹದಿನಾರು ವರ್ಷ ಹಾಗೆ ನಡೆಯಿತು. ದೊಡ್ಡ ಬೈಕು, ಮುಂದೆ ಎದೆಮಟ್ಟದ ವಿಂಡ್‌ಶೀಲ್ಡು. ಪ್ಲಾಸ್ಟಿಕ್ಕಿನದೇ ಆದರೂ ಮನೆಯಲ್ಲಿ ಅದಕ್ಕೆ ಗಾಜು ಎಂದೇ ಹೆಸರು. ಅದರ ಕೆಳಭಾಗದಲ್ಲಿ ಒಳಗೊಂದು ಹೊರಗೊಂದು ಕೆಂಪು ಪಟ್ಟಿ ಅಂಟಿಸಿದ್ದ. ಇದ್ಯಾಕೆ ಎಂದು ಅವಳು ಕೇಳಿದರೆ, ಎದುರಿಗೆ ಬರುವ ಲಾರಿಯವನಿಗೆ ಕಾಣಲಿ ಅಂತ ಎಂದಿದ್ದ. ಒಳಗಿನ ಪಟ್ಟಿ ಯಾವ ಲಾರಿಯವನಿಗೆ ಎಂದು ಅವಳು ಕೇಳಲಿಲ್ಲ. ಗಂಡನನ್ನು ನಂಬಿದವಳು.

ಅವನು ಹೋದ ಮೇಲೆ ದಿನಾ ಬೆಳಿಗ್ಗೆ ಆ ಗಾಜನ್ನು ಒರೆಸುವುದು ಅವಳಿಗೆ ರೂಢಿಯಾಯಿತು. ಮೆತ್ತನೆಯ ಬಟ್ಟೆ, ಸ್ವಲ್ಪ ನೀರು. ಪಟ್ಟಿಯನ್ನೂ ಬಿಡುತ್ತಿರಲಿಲ್ಲ. ಅತ್ತದ್ದು ಕಡಿಮೆ, ಒರೆಸಿದ್ದು ಹೆಚ್ಚು.

ಬೈಕು ಓಡಿಸುವುದನ್ನು ಅವನೇ ಕಲಿಸಿದ್ದ. ಲೈಸೆನ್ಸೂ ಇತ್ತು. ಹಾಗಾಗಿ ತಲುಪಿಸುವ ಕೆಲಸವನ್ನೂ ಅವಳೇ ಹಿಡಿದಳು. ತೊಂದರೆ ಬಂದದ್ದು ಜೇಬಿನದು. ಕತ್ತರಿ, ಗುರುತು ಹಾಕುವ ಸುಣ್ಣದ ಬಿಲ್ಲೆ, ಗುಂಡುಸೂಜಿಯ ಡಬ್ಬಿ, ಪರದೆಯ ಕೊಕ್ಕೆಗಳು, ಇವೆಲ್ಲ ಗಂಡನ ಜೇಬಿನಲ್ಲಿ ಸವಾರಿ ಮಾಡುತ್ತಿದ್ದವು. ಹೆಂಗಸರ ಬಟ್ಟೆಗೆ ಜೇಬು ಇಡುವ ಬುದ್ಧಿ ಯಾವ ದರ್ಜಿಗೂ ಬರಲಿಲ್ಲ. ಆ ದರ್ಜಿಗಳಲ್ಲಿ ಅವಳೂ ಒಬ್ಬಳು. ಹೋದ ವಾರ ಕತ್ತರಿ ಮರೆತು, ಗಿರಾಕಿಯ ಎದುರೇ ದಾರವನ್ನು ಹಲ್ಲಿನಲ್ಲಿ ಕಡಿದಳು. ಗಿರಾಕಿ ಮುಖ ತಿರುಗಿಸಿಕೊಂಡಳು.

ಇದರ ಮೇಲೆ ಮೈದುನ. ಗಂಡನ ತಮ್ಮ, ಒಳ್ಳೆಯವನು, ಆದರೆ ಅಂಜುಬುರುಕ. ಲಿಫ್ಟ್ ರಿಪೇರಿ ಮಾಡುವ ಕೆಲಸ. ಮೇಲೆ ಹೋಗುವುದು, ಕೆಳಗೆ ಬರುವುದು, ಇವೆರಡರಲ್ಲಿ ಅವನಿಗೆ ಪೂರ್ತಿ ನಂಬಿಕೆ. ಮುಂದೆ ಹೋಗುವುದರಲ್ಲಿ ಇಲ್ಲ. ಅತ್ತಿಗೆ ಬಿದ್ದು ಕೈಕಾಲು ಮುರಿದುಕೊಂಡರೆ ಹೊಲಿಯುವವರು ಯಾರು, ಬೈಕು ಮಾರಿಬಿಡೋಣ ಎಂದು ಏಳು ತಿಂಗಳಿಂದ ಒಂದೇ ಪಲ್ಲವಿ ಹಾಡುತ್ತಿದ್ದ. ಗಂಡ ಸತ್ತದ್ದು ಬೈಕಿನಲ್ಲಲ್ಲ, ಕುರ್ಚಿಯಲ್ಲಿ ಕೂತಿದ್ದಾಗ. ಮಾರುವುದಾದರೆ ಕುರ್ಚಿ ಮಾರು ಎಂದಳು ಟೇಪಕ್ಕ. ಅವನು ಕುರ್ಚಿ ಬಿಟ್ಟು ಬೈಕಿಗೇ ಗಿರಾಕಿ ಹುಡುಕಿಕೊಂಡು ಬಂದ. ಸೋಮವಾರ ನೋಡಲು ಬರುತ್ತಾರಂತೆ.

ಅವನ ಮೇಲೆ ಅವಳಿಗೆ ಹಳೆಯ ಸಿಟ್ಟೂ ಒಂದಿತ್ತು. ನಾಲ್ಕು ವರ್ಷದ ಹಿಂದೆ ಅವಳ ಕಪಾಟಿನಿಂದ ದಪ್ಪ ನೀಲಿ ಬಟ್ಟೆಯ ತುಂಡೊಂದು ಮಾಯವಾಯಿತು. ಅದೇ ವಾರ ಮೈದುನನ ಸ್ಕೂಟರಿಗೆ ನೀಲಿ ಸೀಟು ಬಂತು. ಅಂಗಡಿಯಲ್ಲಿ ಕೊಂಡದ್ದು ಎಂದು ಅವನು ಆಣೆ ಮಾಡಿದ. ಕಳ್ಳನ ಆಣೆಗೆ ಬಾಯಿ ದೊಡ್ಡದು ಎಂದು ಅವಳು ಮಾತು ಮುಗಿಸಿದ್ದಳು. ಅಂದಿನಿಂದ ಅವನು ಮನೆಗೆ ಬಂದಾಗಲೆಲ್ಲ ಅವಳು ಕಪಾಟಿಗೆ ಬೀಗ ಹಾಕುತ್ತಿದ್ದಳು. ಅವನಿಗೆ ಕಾಣುವ ಹಾಗೆ.

ಕೊನೆಗೆ ಒಂದು ಒಪ್ಪಂದವಾಯಿತು. ಭಾನುವಾರ ಬೀದಿಯ ನಡುವಿನ ಹಲ್ಲಿನ ಕ್ಲಿನಿಕ್ಕಿಗೆ ಪರದೆ ತಲುಪಿಸಬೇಕು. ಮೈದುನ ಹಿಂದೆ ಕೂರಬೇಕು. ಎಲ್ಲ ಸರಿಯಾಗಿ ನಡೆದರೆ ಅವನು ಮಾರುವ ಮಾತು ಎತ್ತಕೂಡದು. ಒಂದು ಕೂದಲೆಳೆಯಷ್ಟು ಎಡವಟ್ಟಾದರೂ ಬೈಕಿನ ಬೀಗದ ಕೈ ಅವನಿಗೆ. ಟೇಪಕ್ಕ ಒಪ್ಪಿದಳು. ಒಪ್ಪಿದ್ದಷ್ಟೇ ಅಲ್ಲ, ಅಷ್ಟರೊಳಗೆ ಗಾಜಿನ ಒಳಮೈಗೆ ಒಂದು ಚೀಲವನ್ನೂ ಕೂರಿಸಿ, ಕತ್ತರಿಯಿಂದ ಕೊಕ್ಕೆಯವರೆಗೆ ಎಲ್ಲವನ್ನೂ ಅದರಲ್ಲಿ ಇಟ್ಟುಕೊಂಡು, ಯುದ್ಧಕ್ಕೆ ಹೊರಟ ಮಹಾರಾಣಿಯ ಹಾಗೆ ಬರುವೆನೆಂದು ಸಾರಿದಳು.

ಶುಕ್ರವಾರ ಮೆಕ್ಯಾನಿಕ್ಕನ ಹತ್ತಿರ ಹೋದದ್ದು ಅದಕ್ಕೇ. ಅವನು ಗಾಜನ್ನು ನೋಡಿ, ಮೂರು ತೂತು, ಮೂರು ಬೋಲ್ಟು, ಹತ್ತು ನಿಮಿಷದ ಕೆಲಸ ಎಂದ.

"ಅವರು ಹಾಕಿಸಿದ ಗಾಜು. ನನ್ನ ಜೀವ ಇರೋ ತನಕ ಇದಕ್ಕೆ ತೂತು ಬೀಳಲ್ಲ" ಎಂದಳು ಟೇಪಕ್ಕ.

"ಅದಲ್ಲ ಅಕ್ಕ, ಈ ಗಾಜಿಗೆ ಆಗ್ಲೇ..."

ಅವಳು ಕೇಳಲು ನಿಲ್ಲಲಿಲ್ಲ. ನೀರು ಕುಡಿಯುವ ಮಾತನ್ನು ಹೇಳಿ ಹೊರಟೇಬಿಟ್ಟಳು.

ಶನಿವಾರ ಇಡೀ ದಿನ ಹೊಲಿದಳು. ಕಪ್ಪು ರೆಕ್ಸಿನ್ನು, ಒಳಗೆ ಅಸ್ತರಿಯ ಬಟ್ಟೆ, ಮೂರು ಖಾನೆ, ಪ್ರತಿ ಖಾನೆಗೂ ಮುಚ್ಚಳ. ಹೊಲಿಗೆ ಎಷ್ಟು ನೇರವೆಂದರೆ ಅದರ ಮೇಲೆ ಇರುವೆ ನಡೆದರೂ ದಾರಿ ತಪ್ಪದು. ಮೇಲೆ ಎರಡು ಪಟ್ಟಿಗಳನ್ನು ಗಾಜಿನ ಸುತ್ತ ಬಳಸಿ ಬಕಲು ಹಾಕಿದಳು. ಚೀಲ ಕೂತಿತು. ಆದರೆ ಕೆಳಗಿನ ಅಂಚು ಮಾತ್ರ ಗಾಳಿಗೆ ಪಟಪಟ ಎಂದಿತು. ಕೆಳಗಂಚು ಹಾರುವುದನ್ನು ಯಾವ ದರ್ಜಿ ಸಹಿಸಿಯಾಳು? ಹಳೆಯ ಸೂಟ್‌ಕೇಸಿನ ಬೆಲ್ಟು ಕತ್ತರಿಸಿ ಚೀಲದ ಕೆಳಮೂಲೆಗಳಿಗೆ ಎರಡು ಪಟ್ಟಿ ಹೊಲಿದಳು. ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಎಳೆದು, ಪೆಟ್ರೋಲ್ ಟ್ಯಾಂಕಿನ ಕೆಳಗಿನ ಕಬ್ಬಿಣದ ಕಂಬಿಗೆ ಬಿಗಿದಳು. ಈಗ ಚೀಲ ಮಿಸುಕಲಿಲ್ಲ. ಬಂಡೆಯ ಹಾಗೆ ನಿಂತಿತು.

ಆಮೇಲೆ ಪರೀಕ್ಷೆ. ಚೀಲಕ್ಕೆ ಒಂದು ಕೊಡ ನೀರು ಸುರಿದಳು. ಕೋಲಿನಿಂದ ನಾಲ್ಕು ಬಾರಿಸಿದಳು. ಬೈಕನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಏರಿ ಕೂತು, ಕುದುರೆಯ ಹಾಗೆ ಕುಣಿಸಿದಳು. ಒಂದು ದಾರವೂ ಸಡಿಲವಾಗಲಿಲ್ಲ.

ಗಿರಾಕಿಗಳಿಗೆ ಅವಳು ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದ ಮಾತೊಂದಿದೆ. ರವಿಕೆ ಹೊಲಿದವಳು ಕೈ ಎತ್ತಿಸಿ ನೋಡದಿದ್ದರೆ ದರ್ಜಿಯೇ ಅಲ್ಲ. ನಿಂತಾಗ ಸರಿ ಕೂತ ಬಟ್ಟೆ ತೋಳೆತ್ತಿದಾಗ ಹಿಡಿದೀತು. ಇಷ್ಟು ತಿಳಿದ ಟೇಪಕ್ಕ ಬೈಕಿನ ತೋಳನ್ನು, ಅಂದರೆ ಹ್ಯಾಂಡಲನ್ನು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ನೋಡಲಿಲ್ಲ.

ಗಾಜು ಇದ್ದದ್ದು ಹ್ಯಾಂಡಲಿನ ಮೇಲೆ. ಕಂಬಿ ಇದ್ದದ್ದು ಬೈಕಿನ ಮೈಯಲ್ಲಿ. ಅವೆರಡನ್ನೂ ಸೇರಿಸಿ ಅವಳು ಗಟ್ಟಿಯಾಗಿ ಹೊಲಿದುಬಿಟ್ಟಿದ್ದಳು.

ಅವಳ ಮನೆ ಬೀದಿಯ ಈ ತುದಿ. ಗೇಟು ಬೀದಿಗೇ ಮುಖ ಮಾಡಿ ನಿಂತಿದೆ. ಆ ತುದಿಯಲ್ಲಿ ಮೆಕ್ಯಾನಿಕ್ ಅಂಗಡಿ. ನಡುವೆ ದಾರ ಹಿಡಿದು ಗೆರೆ ಎಳೆದ ಹಾಗೆ ನೇರ ರಸ್ತೆ. ಭಾನುವಾರ ಬೆಳಿಗ್ಗೆ ಬೈಕು ಅಂಗಳದಿಂದ ಗೇಟು ದಾಟಿ ರಾಜಗಾಂಭೀರ್ಯದಿಂದ ಹೊರಟಿತು. ಮೈದುನ ಹಿಂದೆ, ಅವನ ತೊಡೆಯ ಮೇಲೆ ಪರದೆಯ ಗಂಟು. ತಲೆಗೆ ಹೆಲ್ಮೆಟ್ಟು, ಕೈಗೆ ಗ್ಲೌಸು, ಮೊಣಕಾಲಿಗೆ ಲಿಫ್ಟ್ ಕೆಲಸದ ರಬ್ಬರು.

"ಹೇಗಿದೆ?" ಎಂದಳು ಟೇಪಕ್ಕ.

ಚೆನ್ನಾಗಿದೆ ಎಂದು ಅವನು ಒಪ್ಪಿಕೊಂಡ. ನಿಜಕ್ಕೂ ಚೆನ್ನಾಗಿತ್ತು. ಹ್ಯಾಂಡಲ್ ಎರಡು ಬೆರಳಷ್ಟು ಅತ್ತಿತ್ತ ಆಡುತ್ತಿತ್ತು, ನೇರ ರಸ್ತೆಗೆ ಅಷ್ಟು ಸಾಕು.

ಎಡಕ್ಕೆ ಕ್ಲಿನಿಕ್ಕಿನ ಗೇಟು ಬಂತು. ಟೇಪಕ್ಕ ತಿರುಗಿಸಿದಳು. ಬೈಕು ತಿರುಗಲಿಲ್ಲ. ಇನ್ನೂ ಜೋರಾಗಿ ತಿರುಗಿಸಿದಳು. ಅವಳದೇ ಬೆಲ್ಟು, ಅವಳದೇ ಜೋಡಿ ಹೊಲಿಗೆ, ಬಿಟ್ಟೀತೇ? ಗೇಟು ಪಕ್ಕದಲ್ಲೇ ಹಾದು ಹಿಂದೆ ಹೋಯಿತು.

"ಅತ್ತಿಗೆ, ಕ್ಲಿನಿಕ್ಕು ಹೋಯ್ತು."

"ಹೋಗ್ಲಿ ಬಿಡು. ಅದೇನು ಓಡಿ ಹೋಗುತ್ತಾ?"

ಬ್ರೇಕಿಗೆ ಏನೂ ಆಗಿರಲಿಲ್ಲ. ನಿಲ್ಲಿಸಬಹುದಿತ್ತು. ಆದರೆ ನಿಲ್ಲಿಸಿದರೆ ಕಾರಣ ಹೇಳಬೇಕು, ಕಾರಣ ಹೇಳಿದರೆ ಬೀಗದ ಕೈ ಕೊಡಬೇಕು, ಕೊಟ್ಟರೆ ನಾಳೆಯಿಂದ ಒರೆಸಲು ಅಂಗಳದಲ್ಲಿ ಏನೂ ಇರುವುದಿಲ್ಲ. ಅದನ್ನು ನೆನೆದೇ ಅವಳ ಕೈ ಬ್ರೇಕಿಗೆ ಹೋಗಲಿಲ್ಲ. ನಿನಗೆ ಒಂದು ಸುತ್ತು ತೋರಿಸಿಕೊಂಡು ಬರೋಣ ಅಂತ ಎಂದು ಮೈದುನನಿಗೆ ಹೇಳಿದಳು. ಸುತ್ತಲು ಮೊದಲು ತಿರುಗಬೇಕು ಎಂಬುದು ಅವಳಿಗೂ ಗೊತ್ತಿತ್ತು.

ರಸ್ತೆಯ ನಡುವೆ ನಾಯಿಯೊಂದು ಮಲಗಿತ್ತು. ಅದು ಯಾವ ಗಾಡಿಗೂ ಏಳುವ ನಾಯಿಯಲ್ಲ. ಎಲ್ಲರೂ ಬಳಸಿಕೊಂಡು ಹೋಗುವುದು ವಾಡಿಕೆ. ಟೇಪಕ್ಕ ಬಳಸಲಿಲ್ಲ, ಹಾರ್ನು ಒತ್ತಿದಳು. ನಾಯಿ ತಲೆಯೆತ್ತಿ ಅವಳ ಮುಖ ನೋಡಿತು. ಏನು ಕಂಡಿತೋ, ಎದ್ದು ಚರಂಡಿಯ ಆಚೆ ಹೋಗಿ ನಿಂತಿತು. ಮುಂದೆ ತಳ್ಳುಗಾಡಿಯವನೂ ಹಾಗೇ ಮಾಡಿದ. ಟೇಪಕ್ಕನ ಸವಾರಿಗೆ ಬೀದಿಯೇ ದಾರಿ ಬಿಟ್ಟಿತು.

ಇಷ್ಟರಲ್ಲಿ ಗಂಟು ಬಿಚ್ಚಿಕೊಂಡಿತು. ಪರದೆ ಚಕ್ರಕ್ಕೆ ಸಿಕ್ಕೀತೆಂದು ಮೈದುನ ಬಾಚಿ ಬಾಚಿ ತಲೆಯ ಮೇಲೆ ಎಳೆದುಕೊಂಡ. ಎಂಟು ಪರದೆಗಳೂ ಅವನ ಹೆಲ್ಮೆಟ್ಟಿನ ಮೇಲೆ. ಒಳಗಿನಿಂದ ಅವನ ದನಿ ಕೇಳಿತು, ಅತ್ತಿಗೆ, ಎಲ್ಲಿಗೆ ಬಂದ್ವಿ ಎಂದು. ಬಂದೇಬಿಟ್ವಿ ಎಂದಳು.

ಆ ಮಾತು ಸುಳ್ಳಾಗಲಿಲ್ಲ. ಬೀದಿ ಮುಗಿದಿತ್ತು. ಮೆಕ್ಯಾನಿಕ್ ಅಂಗಡಿಯ ಮುಂದೆ ಹಳೆಯ ಟೈರುಗಳ ರಾಶಿ. ಕೊನೆಗೂ ಬ್ರೇಕು ಹಾಕಿದಳು. ಬೈಕು ನಿಧಾನವಾಗಿ ಹೋಗಿ, ತವರಿಗೆ ಬಂದ ಮಗಳ ಹಾಗೆ, ಟೈರುಗಳ ಮಡಿಲಿಗೆ ಮೂಗು ಇಟ್ಟು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಮೈದುನ ಪರದೆಗಳ ಸಮೇತ ಇಳಿದು, ದಿಕ್ಕು ತಿಳಿಯದೆ, ಗೋಡೆಗೆ ನಮಸ್ಕಾರ ಮಾಡಿದ.

ಮೆಕ್ಯಾನಿಕ್ಕು ಕೈ ಒರೆಸಿಕೊಳ್ಳುತ್ತ ಬಂದ. ಬಗ್ಗಿ ನೋಡಿದ. ಎಡಗಡೆಯ ಬೆಲ್ಟನ್ನು ವೀಣೆಯ ತಂತಿಯ ಹಾಗೆ ಮೀಟಿದ. ನಗಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

"ನಿಮ್ಮ ಯಜಮಾನ್ರೂ ಹೀಗೇ ಬಂದಿದ್ರು ಅಕ್ಕ. ಇದೇ ಟೈರಿಗೆ ಗುದ್ದಿದ್ರು. ಅವರು ಹಗ್ಗದಲ್ಲಿ ಕಟ್ಟಿದ್ರು, ನೀವು ಬೆಲ್ಟಲ್ಲಿ ಕಟ್ಟಿದೀರಿ, ಅಷ್ಟೇ."

ಯಾವಾಗ ಎಂದು ಕೇಳಿದಳು. ನಾಲ್ಕು ವರ್ಷವಾಯಿತಂತೆ.

"ಆ ಕೆಂಪು ಪಟ್ಟಿ ಮೇಲೆ ಬೆರಳಿಟ್ಟು ಒತ್ತಿ ನೋಡಿ."

ಅವಳು ಒತ್ತಿದಳು. ಏಳು ತಿಂಗಳು ಒರೆಸಿದ್ದಳು, ಒಂದು ದಿನವೂ ಒತ್ತಿರಲಿಲ್ಲ. ಬೆರಳು ಒಳಗೆ ತಗ್ಗಿತು. ಪಕ್ಕದಲ್ಲಿ ಇನ್ನೊಂದು ತಗ್ಗು. ಅದರ ಪಕ್ಕದಲ್ಲಿ ಮತ್ತೊಂದು. ಉಗುರಿನಿಂದ ಅವಳೇ ಪಟ್ಟಿ ಕಿತ್ತಳು. ಮೂರು ತೂತು. ಅವಳ ಜೀವ ಇರುವ ತನಕ ಬೀಳಬಾರದ ತೂತುಗಳು, ಬಿದ್ದು ನಾಲ್ಕು ವರ್ಷವಾಗಿದ್ದವು.

ಮೆಕ್ಯಾನಿಕ್ಕು ಅಂಗಡಿಯ ಗೋಡೆಯತ್ತ ಕೈ ತೋರಿಸಿದ. ಅಲ್ಲಿ ಒಂದು ಚೀಲ ನೇತಾಡುತ್ತಿತ್ತು, ತುಂಬ ಸ್ಪ್ಯಾನರುಗಳು. ನಿಮ್ಮ ಸಾಮಾನು ಇಡೋದಕ್ಕೆ ಅಂತ ಅವರೇ ಹೊಲಿದು ತಂದದ್ದು ಎಂದ. ಅವರೇ ಅಳೆದು ಗುರುತಿಟ್ಟ ಜಾಗದಲ್ಲಿ ಗಾಜಿಗೂ ಚೀಲಕ್ಕೂ ತೂತು ಹಾಕಿಸಿದ ಮೇಲೆ ಹೊಲಿಗೆಯನ್ನು ಒಂದು ಸಲ ನೋಡಿದರಂತೆ. ಇದನ್ನ ನೋಡಿದ್ರೆ ಮನೆಯವಳು ನಗ್ತಾಳೆ, ನೀನೇ ಇಟ್ಕೊ, ಮನೇಲಿ ಮಾತ್ರ ಹೇಳ್ಬೇಡ ಎಂದು ಬಿಟ್ಟುಹೋದರಂತೆ.

ಟೇಪಕ್ಕ ಹತ್ತಿರ ಹೋಗಿ ನೋಡಿದಳು. ಹೊಲಿಗೆ ಕುಡಿದವನ ನಡಿಗೆಯ ಹಾಗಿತ್ತು. ಒಂದು ಕಡೆ ದಾರ ಗಂಟು ಕಟ್ಟಿತ್ತು, ಇನ್ನೊಂದು ಕಡೆ ಬಟ್ಟೆಯನ್ನೇ ಬಿಟ್ಟು ಗಾಳಿಯನ್ನು ಹೊಲಿದಿದ್ದ. ಅವಳು ನಗಲಿಲ್ಲ. ಕೊರಳಿನ ಟೇಪಿನ ತುದಿ ಹಿಡಿದುಕೊಂಡು ಆ ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದಳು.

ಮೈದುನ ಆ ಹೊತ್ತಿಗೆ ಪರದೆಗಳಿಂದ ಹೊರಬಂದಿದ್ದ. ಅವನೂ ಚೀಲವನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ ಕೇಳಿದ:

"ಅತ್ತಿಗೆ, ಆ ಬಟ್ಟೆ ನೀಲಿ ಅಲ್ವಾ?"

ನೀಲಿಯೇ. ದಪ್ಪ ನೀಲಿ. ಟೇಪಕ್ಕ ಮೈದುನನತ್ತ ತಿರುಗಿದಳು.

"ನಾಲ್ಕು ವರ್ಷದ್ದು ಒಂದೇ ಸಲ ಹೇಳ್ತೀನಿ. ತಪ್ಪಾಯ್ತು."

ಮಾತಿಗೆ ತಪ್ಪುವವಳಲ್ಲ. ಬೀಗದ ಕೈ ತೆಗೆದು ಅವನ ಕೈಗೆ ಇಟ್ಟಳು. ಅವನು ಅದನ್ನು ಜೇಬಿಗೆ ಹಾಕಿಕೊಂಡು, ಬಿಡಿಸಿದ ಪರದೆಗಳನ್ನು ಒಂದೊಂದಾಗಿ ಮಡಿಸುತ್ತ ಕೂತ. ಎಂಟನೆಯದನ್ನು ಮಡಿಸಿ ಮುಗಿಸಿ, ಬೀಗದ ಕೈಯನ್ನು ಅವಳಿಗೇ ವಾಪಸು ಕೊಟ್ಟ.

"ನಾಳೆ ಬರೋರಿಗೆ ಬೇಡ ಅಂತ ಹೇಳ್ತೀನಿ. ಇದು ನೇರ ಮಾತ್ರ ಹೋಗೋ ಗಾಡಿ, ನಿಮಗೆ ಆಗಲ್ಲ ಅಂತ."

ಮೆಕ್ಯಾನಿಕ್ಕು ಬೆಲ್ಟುಗಳನ್ನು ಬಿಚ್ಚಿದ. ಸ್ಪ್ಯಾನರುಗಳನ್ನು ಸುರಿದ. ನೀಲಿ ಚೀಲ ಹಿಡಿದು ನೋಡಿದರೆ ಗಾಜಿನ ಮೂರು ತೂತಿಗೆ ಅದರ ಮೂರು ತೂತು ಸರಿಯಾಗಿ ಕೂತವು. ಅಳತೆ ಮಾತ್ರ ಅವಳ ಗಂಡ ಸರಿಯಾಗಿ ಹಿಡಿದಿದ್ದ. ಹದಿನಾರು ವರ್ಷ ದರ್ಜಿಯ ಜೊತೆ ಬಾಳಿದವನು. ಮೂರು ಬೋಲ್ಟು, ಹತ್ತು ನಿಮಿಷ. ಇರುವೆಗೂ ದಾರಿ ತಪ್ಪದ ಕಪ್ಪು ಚೀಲವನ್ನು ಟೇಪಕ್ಕ ಸ್ಪ್ಯಾನರುಗಳಿಗೆ ಬಿಟ್ಟುಕೊಟ್ಟಳು. ಹೊರಡುವ ಮುಂಚೆ ಹ್ಯಾಂಡಲನ್ನು ಎಡಕ್ಕೆ ಮೂರು ಸಲ, ಬಲಕ್ಕೆ ಮೂರು ಸಲ ತಿರುಗಿಸಿ ನೋಡಿದಳು.

ಕ್ಲಿನಿಕ್ಕಿನ ಗೇಟಿಗೆ ಬೈಕು ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ತಿರುಗಿತು. ಹಲ್ಲಿನ ಡಾಕ್ಟರಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ಪರದೆಯ ಅಂಚುಗಳನ್ನು ಹಲ್ಲು ನೋಡುವ ಹಾಗೆ ಒಂದೊಂದಾಗಿ ನೋಡಿ, ಸರಿಯಾಗಿದೆ ಎಂದು ತಲೆಯಾಡಿಸಿದರು. ಅಷ್ಟರಲ್ಲಿ ಟೇಪಕ್ಕ ಕತ್ತರಿ ತೆಗೆಯಲು ನೀಲಿ ಚೀಲಕ್ಕೆ ಕೈ ಹಾಕಿದಳು. ಡಾಕ್ಟರಮ್ಮನ ಕಣ್ಣು ಅಲ್ಲಿಗೆ ಹೋಯಿತು.

"ಅಯ್ಯೋ, ಇದನ್ನ ಯಾರು ಹೊಲಿದಿದ್ದು?"

ಮೈದುನ ಬಾಯಿ ತೆರೆದ. ಟೇಪಕ್ಕ ಅವನನ್ನು ಒಂದು ಸಲ ನೋಡಿದಳು. ಅವನು ಮುಚ್ಚಿಕೊಂಡ.

"ನಾನೇ" ಎಂದಳು.

ಡಾಕ್ಟರಮ್ಮ ಕನ್ನಡಕ ಹಾಕಿಕೊಂಡು, ಎಂಟು ಪರದೆಗಳನ್ನೂ ಮೊದಲಿನಿಂದ ನೋಡತೊಡಗಿದರು.