ಬಿಳಿ ಅಂಚು

ಶ್ರೀರಂಗಪಟ್ಟಣದ ಕೋಟೆ ಕಟ್ಟಿದವನು ನಾನು. ಸುಳ್ಳು ಬುಡಿ. ಕಾಗದದಲ್ಲಿ ಕಟ್ಟಿದ್ದೆ, ಅದನ್ನೂ ಬೆಕ್ಕು ಮಲಗಿ ಕೆಡವಿತು. ಆದರೆ ಬಣ್ಣದ ಕಾಗದ ಕತ್ತರಿಸಿದ ಕಡೆ ಒಳಗಿನ ಬಿಳಿ ಇಣುಕುತ್ತದಲ್ಲ, ಆ ಅಂಚಿಗೆ ಬಣ್ಣ ಹಚ್ಚುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಅಂಚು ಬೆಳ್ಳಗೆ ಬಿಟ್ಟರೆ ಸೂಟು ಹಾಕಿದವನ ಬನಿಯನ್ನು ಹೊರಗೆ ಬಂದ ಹಾಗೆ. ಇಷ್ಟು ಮರ್ಯಾದೆಯ ಕೆಲಸ ಮಾಡುವವನಿಗೆ ಈ ಸೀಮೆಯಲ್ಲಿ ಸಿಗುವುದೆಲ್ಲ ಅವಮಾನವೇ.

ಈ ಸಲ ಕರಿಘಟ್ಟದ ಬೆಟ್ಟ, ಮೇಲೆ ದೇವಸ್ಥಾನ ಮಾಡಿದ್ದೆ. ಕೆ.ಆರ್.ಪೇಟೆಯ ಪ್ರದರ್ಶನದಲ್ಲಿ ಗೆದ್ದ ಮಾದರಿ ಅಲ್ಲಿನ ವಾಚನಾಲಯದ ಗಾಜಿನ ಬೀರುವಿಗೆ ಹೋಗುತ್ತದೆ. ಆ ಬೀರುವಿನ ಮೇಲೆ ನನಗೆ ಬಹಳ ವರ್ಷದ ಕಣ್ಣು.

ಬೆರಳು

ದೇವಸ್ಥಾನದ ಬಾಗಿಲಿನ ಅಂಚಿಗೆ ಕಪ್ಪು ಇಂಕು ಹಚ್ಚಿ, ಒಣಗುವಷ್ಟರಲ್ಲಿ ಬರೋಣವೆಂದು ಓಟು ಹಾಕಲು ಹೋದೆ. ಸಾಲಿನಲ್ಲಿದ್ದ ಪಕ್ಕದ ಮನೆಯವನು ನನ್ನ ಕೈ ಎತ್ತಿ ಎಲ್ಲರಿಗೂ ತೋರಿಸಿದ.

"ನೋಡ್ರಪ್ಪಾ, ಹತ್ತು ಬೆರಳ್ಗೂ ಆಕಿಸ್ಕಂಡವ್ನೆ."

"ಲೇ, ಅದು ದೇವಸ್ಥಾನದ ಬಾಗಿಲ ಬಣ್ಣ ಕಣ್ಲಾ."

"ಅಂಗಾರೆ ದೇವ್ರ ಓಟೂ ನೀನೇ ಆಕ್ಬುಟ್ಯಾ?"

ಬೆಲ್ಲದ ಕಾಫಿ

ಬೆಟ್ಟದ ಮಣ್ಣಿನ ಬಣ್ಣ ಯಾವ ಡಬ್ಬಿಯಲ್ಲೂ ಸಿಗಲಿಲ್ಲ. ಅಲ್ಲಿನ ಅಂಗಡಿಯಲ್ಲಾದರೂ ಸಿಕ್ಕೀತೆಂದು ಮಾದರಿ ಹೊತ್ತು ಪಾಂಡವಪುರಕ್ಕೆ, ಅತ್ತೆ ಮನೆಗೆ ಹೋದೆ. ಅತ್ತೆ ಹಾಲಿಲ್ಲದ ಬೆಲ್ಲದ ಕಾಫಿ ತಂದಿಟ್ಟರು. ಅದೇ ಬಣ್ಣ! ಅರ್ಧ ಕುಡಿದೆ, ಅರ್ಧ ಬೆಟ್ಟದ ಅಂಚಿಗೆಲ್ಲ ಹಚ್ಚಿ ಒಂದು ನಿದ್ದೆ ತೆಗೆದೆ. ಎದ್ದು ನೋಡಿದರೆ ಬುಡದಿಂದ ಗೋಪುರದವರೆಗೂ ಇರುವೆ ಸಾಲು. ಮನೆ ಹಾರಿಹೋಗುವ ಹಾಗೆ ಕೂಗಾಡಿದೆ.

ಅತ್ತೆ ಬಗ್ಗಿ ನೋಡಿದರು. "ಯಾಕಂಗೆ ಕೂಗೀರಿ ಅಳಿಯಂದ್ರೇ? ಭಕ್ತಾದಿಗಳು ಬೆಟ್ಟಕ್ಕೆ ಓಗ್ತಾವ್ರೆ. ದರ್ಸನ ಮಾಡ್ಕಂಡು ಇಳೀತಾರೆ ಬುಡಿ."

ತೀರ್ಪು

ಭಕ್ತಾದಿಗಳನ್ನು ಕುಂಚದಲ್ಲಿ ಇಳಿಸಿ ಕೆ.ಆರ್.ಪೇಟೆ ತಲುಪಿದೆ. ಎದುರಾಳಿ ನಾಗಮಂಗಲದ ಒಬ್ಬ ಟೈಲರು. ಅವನದು ಸಕ್ಕರೆ ಕಾರ್ಖಾನೆಯ ಮಾದರಿ. ಹಿಂದಿನ ವಾರ ಫೋನು ಮಾಡಿ, "ಅಂಚ್ಗೆ ಏನ್ ಅಚ್ಲಣ್ಣ?" ಅಂತ ಕೇಳಿದ್ದ.

"ಏನೂ ಅಚ್ಬ್ಯಾಡ ಕಣ್ಲಾ. ಬೆಳ್ಳಗೇ ಬುಡು. ತೀರ್ಪು ಕೊಡೋರು ಅದನ್ನೇ ನೋಡದು" ಎಂದು ಗಂಭೀರವಾಗಿ ಹೇಳಿ, ಫೋನು ಇಟ್ಟು ಹೊಟ್ಟೆ ಹಿಡಿದು ನಕ್ಕಿದ್ದೆ.

ತೀರ್ಪುಗಾರರು ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ನನ್ನ ಬೆಟ್ಟವನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಿದರು. "ಇದು ಪ್ಲಾಸ್ಟಿಕ್ಕು. ಅಂಗಡೀದು."

"ಕಾಗದ ಸ್ವಾಮಿ."

"ಕಾಗದ ಆದ್ರೆ ಎಲ್ಲಾದ್ರೂ ಒಂದು ಕಡೆ ಬಿಳಿ ಕಾಣ್ಬೇಕಲ್ಲಪ್ಪ?"

ಮೈ ಉರಿದುಹೋಯಿತು. ಬೆಟ್ಟವನ್ನು ಎರಡು ಹೋಳಾಗಿ ಹರಿದು, ಒಳಗಿನ ಬಿಳಿಯನ್ನು ಅವರ ಮೂಗಿನ ಕೆಳಗೆ ಹಿಡಿದೆ.

"ಹೌದಲ್ಲ, ಕಾಗದವೇ" ಅಂದರು ಮೇಷ್ಟ್ರು. "ಆದ್ರೆ ಹರಿದುಹೋಗಿದೆಯಲ್ಲಪ್ಪ."

ಗಾಜಿನ ಬೀರು ಸಕ್ಕರೆ ಕಾರ್ಖಾನೆಗೆ ಹೋಯಿತು. ಅಂಚೆಲ್ಲ ಬೆಳ್ಳಗಿರುವುದರಿಂದ ಕೈಕೆಲಸವೆಂದು ದೂರದಿಂದಲೇ ಗೊತ್ತಾಗುತ್ತದಂತೆ. ಟೈಲರು ಮೈಕು ಹಿಡಿದು, "ಅಂಚು ಬೆಳ್ಳಗೇ ಬುಡು ಅಂತ ಯೋಳ್ಕೊಟ್ಟ ನಮ್ ಗುರುಗಳು ಅಲ್ಲೇ ನಿಂತವ್ರೆ" ಎಂದವನೇ ಇಳಿದು ಬಂದು ನನ್ನ ಕಾಲಿಗೆ ಬಿದ್ದ.

ಎರಡು ಕೈಯಲ್ಲೂ ಬೆಟ್ಟದ ಹೋಳು ಹಿಡಿದವನು ಆಶೀರ್ವಾದ ಮಾಡುವುದು ಹೇಗೆ, ನೀವೇ ಹೇಳಿ. ಹೇಳುವ ಮುಂಚೆ ಈ ಟೀ ದುಡ್ಡು ಕೊಟ್ಟುಬುಡಿ. ನನ್ನ ಕೈಗೆ ಇನ್ನೂ ಬಣ್ಣ ಅಂಟಿದೆ, ಜೇಬಿಗೆ ಹಾಕುವ ಹಾಗಿಲ್ಲ.