ಅವಳ ಪಾಳಿಗೆ ಬಂದ ಕೊಕ್ಕರೆ ರಾಜಕುಮಾರ

“ಹ್ವಾಯ್, ಆ ಪುಸ್ತಕ ನೀವೇ ಓದಿ ಮುಗ್ಸಿ. ಸಭೆಲಿ ಒಳ್ಳೆದ್ ಎಂತ, ಹುಳ್ಕ್ ಎಂತ ಹೇಳಿ ಬನ್ನಿ. ನನ್ ಪಾಳಿ ತಪ್ಪುಕಾಗ.”

ನನ್ನ ಹೆಂಡತಿ ನನಗೆ ಹೇಳಿದ ಕೊನೆಯ ಮಾತು ಇದು. ಕುಂದಾಪುರದಲ್ಲಿ ಆಸ್ಪತ್ರೆಯ ಮಂಚದ ಮೇಲೆ ಹೇಳಿದಳು. ನಾನು “ಹ್ಞೂಂ” ಅಂದೆ. ಮೂವತ್ತೆಂಟು ವರ್ಷ ಅವಳ ಎಲ್ಲ ಮಾತಿಗೂ ನಾನು ಅಂದದ್ದು ಅದೇ. ಈ ಸಲದ ಹ್ಞೂಂ ಮಾತ್ರ ನನ್ನನ್ನು ಬಿಡಲಿಲ್ಲ.

ವಿಷಯ ಇಷ್ಟೆ. ಸಾಲಿಗ್ರಾಮದ ಹತ್ತಿರ ಒಂದು ಸಣ್ಣ ಲೈಬ್ರರಿ ಇದೆ. ಅಲ್ಲಿ ತಿಂಗಳಿಗೊಂದು ಭಾನುವಾರ ಹೆಂಗಸರ ಸಭೆ. ಒಬ್ಬರು ಒಂದು ಪುಸ್ತಕ ಓದಿ ಬಂದು, ಎದ್ದು ನಿಂತು, ಅದರ ಗುಣ ದೋಷ ಹೇಳಬೇಕು. ತನ್ನ ಪಾಳಿಗೆ ಅವಳು ಒಂದು ವರ್ಷ ಕಾದಿದ್ದಳು. ಪಾಳಿ ಬಂತು, ನಾಲ್ಕು ತಿಂಗಳ ಮುಂದಿನ ಒಂದು ಭಾನುವಾರಕ್ಕೆ. ಪುಸ್ತಕ ಅರ್ಧ ಆಗುವಾಗ ಅವಳು ಹೋದಳು.

ನಾನು ಹಂಗಾರಕಟ್ಟೆಯಲ್ಲಿ ಮರದ ದೋಣಿ ಕಟ್ಟುವವನು. ಕಲಿತದ್ದು ನಾಲ್ಕನೇ ಕ್ಲಾಸು. ಪೇಪರಿನಲ್ಲಿ ದೊಡ್ಡ ಅಕ್ಷರ ಮಾತ್ರ ಓದಿ ಅಭ್ಯಾಸ. ಈ ಪುಸ್ತಕ ಅಜ್ಜಿಕತೆಯ ಹಾಗಿರುವ ಪ್ರೇಮದ ಕಾದಂಬರಿ. ಮುನ್ನೂರ ತೊಂಬತ್ತು ಪುಟ. ಒಬ್ಬ ರಾಜಕುಮಾರ. ಮಂತ್ರವಾದಿಯ ಶಾಪದಿಂದ ಹಗಲು ಕೊಕ್ಕರೆ, ರಾತ್ರಿ ಮನುಷ್ಯ. ಅವನನ್ನು ಪ್ರೀತಿಸುವ ಹುಡುಗಿ ಏಳು ವರ್ಷ ಒಂದು ಮಾತೂ ಆಡದೆ ಇದ್ದರೆ ಶಾಪ ಬಿಡುತ್ತದೆ.

ಸಾವಾದ ಮನೆಯಲ್ಲಿ ನಗು ಬರುವಂಥದ್ದು ಆಗಬಾರದು. ಆದರೆ ಆಗುತ್ತಲೇ ಇರುತ್ತದೆ. ನಮ್ಮನ್ನು ಕೇಳಿ ಆಗುವುದಿಲ್ಲ.

ರಟ್ಟಿನ ಚಿತ್ರ

ಹದಿಮೂರನೇ ದಿನದ ಉತ್ತರಕ್ರಿಯೆ, ನಮ್ಮ ಕಡೆಯ ಬೊಜ್ಜ, ಮುಗಿಯಿತು. ನೆಂಟರು ಹೊರಟರು. ಬೈಂದೂರಿಗೆ ಕೊಟ್ಟ ಮಗಳು ಹೋಗುವಾಗ ತಾಯಿಯ ಕನ್ನಡಕ ನನ್ನ ಕೈಯಲ್ಲಿಟ್ಟಳು. “ನಿಮ್ ಕಣ್ಣಿಗೆ ಆತ್ತಾ ಕಾಣಿ ಅಪ್ಪಯ್ಯ” ಅಂದಳು. ಹಾಕಿ ನೋಡಿದೆ. ಆಯಿತು. ಮಾರನೇ ದಿನ ಜಗಲಿಯಲ್ಲಿ ಕೂತು ಓದಲು ಸುರು ಮಾಡಿದೆ. ಅಕ್ಷರದ ಮೇಲೆ ಬೆರಳಿಟ್ಟು, ತುಟಿ ಆಡಿಸಿ. ದಿನಕ್ಕೆ ಐದು ಪುಟ.

ಪುಸ್ತಕದ ರಟ್ಟಿನ ಮೇಲೆ ಒಂದು ಚಿತ್ರ. ರೆಕ್ಕೆ ಇರುವ ಗಂಡು, ಕೂದಲು ಬಿಟ್ಟ ಹೆಣ್ಣು. ಇಬ್ಬರೂ ಅಪ್ಪಿಕೊಂಡು ನಿಂತಿದ್ದಾರೆ. ಗಂಡಿಗೆ ಅಂಗಿ ಇಲ್ಲ. ನಾನು ಚಿತ್ರದ ಕಡೆ ನೋಡುವವನಲ್ಲ. ಆದರೆ ಪುಸ್ತಕ ಎತ್ತಿ ಹಿಡಿದರೆ ಚಿತ್ರ ರಸ್ತೆಯ ಕಡೆ ಇರುತ್ತದೆ. ಅದು ನನಗೆ ಹೊಳೆಯಲಿಲ್ಲ.

ಒಂದು ವಾರ ಕಳೆಯಿತು. ಒಬ್ಬರು ಕೊಡೆ ಹಿಡಿದು ಬಂದರು. ಗುರುತಿಲ್ಲ. ನೀರು ಬೆಲ್ಲ ಕೊಟ್ಟೆ. ಅವರು ಗಂಟಲು ಸರಿ ಮಾಡಿಕೊಂಡರು.

“ನಿಮ್ ಮನ್ಸ್ ಅರ್ಥ ಆತ್ತ್. ಊರವ್ರ್ ಹೇಳ್ದ್ರ್. ತಪ್ಪೆಂತ ಇಲ್ಲೆ. ಬಸ್ರೂರಲ್ಲಿ ಒಂದ್ ಹೆಣ್ಣಿತ್ತ್. ಐವತ್ತ್ ದಾಟಿತ್ತ್. ಎರಡ್ ಎಮ್ಮಿ ಇತ್ತ್.”

ಅವರು ಮದುವೆ ಕುದುರಿಸುವವರು ಅಂತ ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಪುಸ್ತಕ ಎತ್ತಿ ತೋರಿಸಿದೆ.

“ಇದ್ ನನ್ ಹೆಂಡ್ತಿ ಕೊಟ್ ಕೆಲ್ಸ. ನಾನಿನ್ನೂ ನಲವತ್ತನೇ ಪುಟದಲ್ಲಿದ್ದೆ.”

ಅವರು ಚಿತ್ರ ನೋಡಿದರು. ಪುಸ್ತಕದ ದಪ್ಪ ನೋಡಿದರು. ಕೊಡೆ ತೆಗೆದುಕೊಂಡು ಎದ್ದರು.

“ಅಡ್ಡಿಲ್ಲೆ. ಪೂರಾ ಓದ್ಕಣಿ. ಎಮ್ಮಿ ಕಾಯ್ತೊ.”

ಗಂಧದ ದೋಣಿ

ಮನೆಯಲ್ಲಿ ಓದಿದರೆ ಊರಿಗೆ ಅನುಮಾನ. ಪುಸ್ತಕವನ್ನು ಕೆಲಸದ ಜಾಗಕ್ಕೆ ತೆಗೆದುಕೊಂಡು ಹೋದೆ. ಮಧ್ಯಾಹ್ನ ಗಂಜಿ ಉಂಡು ಒಂದು ಗಳಿಗೆ ನೆರಳಲ್ಲಿ ಕೂರುತ್ತೇವೆ. ನನ್ನ ಜತೆ ಕೆಲಸದವರು ಇಬ್ಬರು. ಅವರಿಗೆ ಕೇಳುವ ಹಾಗೆ ಓದಿದೆ.

ನೂರ ಐವತ್ತನೇ ಪುಟದ ಹತ್ತಿರ ರಾಜಕುಮಾರ ದೋಣಿ ಕಟ್ಟುತ್ತಾನೆ. ಒಬ್ಬನೇ. ಮೂರು ರಾತ್ರಿಯಲ್ಲಿ.

“ಯಾವ್ ಮರ?” ಒಬ್ಬ ಕೇಳಿದ.

“ಗಂಧದ್ ಮರ.”

“ಗಂಧದ್ದಾ! ಅಷ್ಟ್ ದಪ್ಪದ್ ಗಂಧ ಎಲ್ ಸಿಕ್ಕತ್ತ್ ಮಾರಾಯ? ಕಡುಕೆ ಹೋರೆ ಫಾರೆಸ್ಟಿನವ್ರ್ ಹಿಡಿತ್ರ್.”

“ಅವ ರಾಜ್ಕುಮಾರ.”

“ಹಗ್ಲ್ ಕೊಕ್ಕರೆ ಅಲ್ದಾ? ಕೊಕ್ಕರೆಗೆ ಯಾರ್ ಪರ್ಮಿಶನ್ ಕೊಡ್ತ್ರ್?”

ಎರಡನೆಯವನು ಹಲಗೆಯ ಸಂದಿಗೆ ಹತ್ತಿ ತುರುಕುವವನು. ಜೀವಮಾನವೆಲ್ಲ ಅದೇ ಕೆಲಸ.

“ಸಂದಿಗೆ ಹತ್ತಿ ಹಾಕದ್ ಯಾರ್?”

ನಾನು ಬೆರಳಿಟ್ಟು ಹುಡುಕಿದೆ. “ಬರ್ದಿಲ್ಲೆ.”

“ಹಂಗಾರೆ ಮುಳ್ಗತ್ತ್.”

“ಮುಳ್ಗುದಿಲ್ಲೆ. ಏಳ್ ಸಮುದ್ರ ದಾಟತ್ತ್.”

ಅವನು ಎದ್ದು ಹೋಗಿ ಆಚೆ ಕೂತ. ಮನಸ್ಸಿಗೆ ತಾಗಿತ್ತು. ಅವನನ್ನು ಸಮಾಧಾನ ಮಾಡುವುದರಲ್ಲಿ ಮೂರು ಗಂಟೆ ಆಯಿತು. ಅಷ್ಟು ಹೊತ್ತಿಗೆ ದೋಣಿಯ ಯಜಮಾನರು ಬಂದರು.

“ಹ್ವಾಯ್, ಎಂತ ಪಂಚಾಯ್ತಿ? ಸುತ್ತಿಗಿ ಸದ್ದೇ ಇಲ್ಲೆ!”

ನಾನು ನಡೆದದ್ದು ಹೇಳಿದೆ. ಮರ, ಹತ್ತಿ, ಏಳು ಸಮುದ್ರ, ಎಲ್ಲ. ಅವರು ಕೈ ಕಟ್ಟಿ ಪೂರ್ತಿ ಕೇಳಿದರು.

“ಮೂರ್ ರಾತ್ರಿಲಿ ಮುಗ್ಸ್ದನಾ?”

“ಪುಸ್ತಕದಲ್ ಹಾಂಗಿತ್ತ್.”

“ನನ್ ದೋಣಿಗೆ ನೀವ್ ಮೂರೂ ಜನ ಸೇರಿ ಎಂಟ್ ತಿಂಗ್ಳಾಯ್ತ್. ಆ ಕೊಕ್ಕರೆದ್ ಫೋನ್ ನಂಬ್ರ ಇತ್ತಾ ಕಾಣಿ.”

ಬೆಳಗಿನ ಮೀನು

ಹೆಂಡತಿಯ ತಂಗಿ ಮೀನು ಮಾರುತ್ತಾಳೆ. ಬೆಳಿಗ್ಗೆ ಬುಟ್ಟಿ ಹೊತ್ತು ಬರುವಾಗ ನಮ್ಮ ಜಗಲಿಯಲ್ಲಿ ಇಳಿಸುತ್ತಾಳೆ. ಅವಳಿಗೆ ಓದಲು ಬರುವುದಿಲ್ಲ. ಅಕ್ಕ ಇರುವಾಗ ಅಕ್ಕ ಕತೆ ಹೇಳುತ್ತಿದ್ದಳು. ಈಗ ನನ್ನನ್ನು ಹಿಡಿದಳು.

“ಭಾವ, ಅಕ್ಕ ಅರ್ಧಕ್ಕೆ ಬಿಟ್ಟಿತ್ತ್. ಮುಂದೆಂತ ಆಯ್ತ್ ಓದಿ.”

ಓದಿದೆ. ಒಂದು ಕಡೆ ನಿಲ್ಲಿಸಿ ಮುಂದಿನ ಸಾಲಿಗೆ ಹೋದೆ.

“ಎಂತ ಬಿಟ್ರಿ?”

“ಎಂತದೂ ಇಲ್ಲೆ.”

“ನಿಮ್ ಬೆರಳ್ ಎರಡ್ ಸಾಲ್ ಹಾರ್ತ್. ಓದುಕ್ ಬರ್ದಿರೆ ಎಂತ, ಕಣ್ಣ್ ಕಾಣತ್ತಲ್ದಾ?”

ತಕ್ಕಡಿ ಹಿಡಿಯುವವಳ ಕಣ್ಣು. ತಪ್ಪಿಸಲು ಆಗುವುದಿಲ್ಲ. ಗೋಡೆಯ ಕಡೆ ಮುಖ ಮಾಡಿ ಓದಿದೆ. ಸೂರ್ಯ ಮುಳುಗಿದ, ರೆಕ್ಕೆ ಉದುರಿತು, ಅವನು ಅವಳ ತುಟಿಗೆ ಮುತ್ತಿಟ್ಟ, ಅವಳು ಕಣ್ಣು ಮುಚ್ಚಿದಳು. ಅಷ್ಟೆ. ನನ್ನ ಕಿವಿ ಬಿಸಿಯಾಯಿತು.

ಅವಳು ನಾಚಲಿಲ್ಲ. ಆಲೋಚನೆ ಮಾಡಿದಳು.

“ಭಾವ, ಹಗ್ಲೆಲ್ಲ ಕೊಕ್ಕರೆ ಅಂದ್ರೆ ಹಸಿ ಮೀನ್ ತಿಂತನಾ?”

“ಮತ್ತೆಂತ ತಿಂತ?”

“ಹೊತ್ತ್ ಮುಳುಗುವಾಗ ಬಾಯಿ ಮುಕ್ಕುಳಿಸ್ದ ಅಂದ್ ಬರ್ದಿತ್ತಾ?”

ಹುಡುಕಿದೆ. “ಇಲ್ಲೆ.”

ಅವಳು ಸಿಂಬಿ ತಲೆಗಿಟ್ಟು ಬುಟ್ಟಿ ಎತ್ತಿದಳು.

“ಹಾಂಗಾರೆ ಅದ್ ಶಾಪ ಗೀಪ ಅಲ್ಲ ಭಾವ. ಆ ಹೆಣ್ಣ್ ಏಳ್ ವರ್ಷ ಬಾಯಿ ಬಿಡ್ದಿದ್ದದ್ದ್ ಇದಕ್ಕೇ.”

ಗೀಟುಗಳು

ದೋಣಿ ನೀರಿಗೆ ಇಳಿಸುವ ಮೊದಲು ನಾವು ಅದರೊಳಗೆ ನೀರು ತುಂಬಿಸುತ್ತೇವೆ. ಹೊರಗಿನಿಂದ ನೋಡುತ್ತೇವೆ. ಎಲ್ಲಿ ಹನಿ ಬರುತ್ತದೋ ಅಲ್ಲಿ ಗೀಟು. ನನಗೆ ಗೊತ್ತಿರುವ ಪರೀಕ್ಷೆ ಅದೊಂದೇ. ಪುಸ್ತಕಕ್ಕೂ ಅದನ್ನೇ ಮಾಡಿದೆ. ಮರಕ್ಕೆ ಗುರುತು ಹಾಕುವ ಕೆಂಪು ಪೆನ್ಸಿಲ್ ತೆಗೆದು, ಸೋರುವಲ್ಲೆಲ್ಲ ಅಡ್ಡ ಗೀಟು ಎಳೆದೆ. ಅರವತ್ತನೇ ಪುಟದಲ್ಲಿ ಸತ್ತ ರಾಣಿ ನೂರ ಹನ್ನೆರಡರಲ್ಲಿ ಆಳುಗಳಿಗೆ ಬೈಯುತ್ತಾಳೆ. ಗೀಟು. ಹುಡುಗಿ ಏಳು ದಿನ ಕಾಡಿನಲ್ಲಿ ನಡೆದಳು, ಬಿಳಿ ಸೀರೆಗೆ ಮಣ್ಣು ಹತ್ತಲಿಲ್ಲ. ಗೀಟು. ಒಟ್ಟು ನಲವತ್ತೊಂದು.

ಸಭೆಗೆ ಮೂರು ದಿನ ಇರುವಾಗ ಓದಿ ಮುಗಿಯಿತು. ಲೈಬ್ರರಿಗೆ ಹೋದೆ. ಅಲ್ಲಿ ನೋಡಿಕೊಳ್ಳುವ ಹುಡುಗಿಯೇ ಸಭೆಯನ್ನೂ ನಡೆಸುವವಳು. ನಾನು ಸಭೆಯಲ್ಲಿ ಮಾತಾಡಲು ಬಂದದ್ದು ಕೇಳಿ ಮುಖ ಸಣ್ಣ ಮಾಡಿದಳು.

“ಸಭೆ ಹೆಂಗ್ಸ್ರದ್ದ್ ಮಾವ. ಗಂಡ್ಸ್ರ್ ಮಾತಾಡು ಕ್ರಮ ಇಲ್ಲೆ. ಈ ಸಲದ್ ಪಾಳಿ ಬ್ರಹ್ಮಾವರದ್ ಟೀಚರಿಗೆ ಕೊಟ್ಟಾಯ್ತ್.”

ನಾನು ಚೀಲದಿಂದ ಪುಸ್ತಕ ತೆಗೆದೆ. ಕೂರಲಿಲ್ಲ.

“ಪಾಳಿ ನಂದಲ್ಲ. ನನ್ ಹೆಂಡ್ತಿದ್. ನಾನ್ ಹೊತ್ಕಂಡ್ ಬಂದವ ಅಷ್ಟೆ” ಅಂದೆ. ಪುಸ್ತಕ ಮೇಜಿನ ಮೇಲಿಟ್ಟೆ.

ಅವಳು ಸುಮ್ಮನೆ ಪುಟ ಮಗುಚಿದಳು. ಮುಖದ ಬಣ್ಣ ಕೆಟ್ಟಿತು.

“ಮಾವ! ಇದ್ ಲೈಬ್ರರಿ ಪುಸ್ತಕ! ಇದೆಂತ ಕೆಂಪ್ ಕೆಂಪ್?”

“ಸೋರು ಜಾಗ.”

ರಬ್ಬರ್ ಕೊಟ್ಟಳು. “ಎಲ್ಲ ಉಜ್ಜಿ ಕೊಡ್ಕ್.” ನಾನು ಒಂದು ಉಜ್ಜಿದೆ. ಎರಡು ಉಜ್ಜಿದೆ. ಅವಳು ಬಗ್ಗಿ ನೋಡುತ್ತಿದ್ದಳು. ಮೂರನೆಯದಕ್ಕೆ ಕೈ ಹಾಕುವಾಗ ಯಾವ ಸೋರಿಕೆ ಅಂತ ಕೇಳಿದಳು. ಹೇಳಿದೆ. ನಕ್ಕಳು. ಮುಂದಿನದು ಕೇಳಿದಳು. ಕೊನೆಗೆ ರಬ್ಬರ್ ಕಿತ್ತುಕೊಂಡಳು.

“ಹತ್ತ್ ನಿಮಿಷ ಕೊಡ್ತೆ. ಟೀಚರಿಗೆ ನಾನ್ ಹೇಳ್ತೆ.”

ನಾನು ಹೊರಟೆ. “ನಿಲ್ಲಿ ಮಾವ” ಅಂದಳು. ನನ್ನ ಕಿಸೆಯ ಕೆಂಪು ಪೆನ್ಸಿಲನ್ನು ಕೇಳಿ ತೆಗೆದುಕೊಂಡಳು.

“ಇನ್ನೂರ ಎಂಟನೇ ಪುಟದಲ್ ಒಂದ್ ತೂತ್ ನೀವ್ ಕಾಣ್ಲೇ ಇಲ್ಲೆ” ಅಂದು ತಾನೇ ಗೀಟು ಹಾಕಿದಳು.

ಮಡಚಿದ ಪುಟ

ಭಾನುವಾರ. ಇಪ್ಪತ್ತು ಹೆಂಗಸರು. ಹಿಂದಿನ ಬೆಂಚಿನಲ್ಲಿ ಹೆಂಡತಿಯ ತಂಗಿಯೂ ಬಂದು ಕೂತಿದ್ದಳು. ನನಗೆ ಹೆದರಿಕೆ ಆಗಲಿಲ್ಲ. ಹುಳುಕು ಹೇಳುವುದು ನನ್ನ ಕಸುಬು.

ಗಂಧದ ಮರ ಹೇಳಿದೆ. ಹತ್ತಿ ಹೇಳಿದೆ. ಸತ್ತ ರಾಣಿಯನ್ನು ಹೇಳಿದೆ. ನಕ್ಕರು. ಆಮೇಲೆ ದೊಡ್ಡ ಹುಳುಕು ಹೇಳಿದೆ.

“ಮುನ್ನೂರ ಎಂಬತ್ತೊಂಬತ್ತ್ ಪುಟ ಮದ್ವಿ ಆಪುಕೆ ಒದ್ದಾಡ್ತ್ರ್. ಮದ್ವಿ ಆಯ್ತ್. ಮತ್ತೆ ಒಂದೇ ಸಾಲ್, ಸುಖವಾಗಿದ್ದರು ಅಂದ್ಹೇಳಿ. ಇದ್ ಸೋಮಾರಿ ಕೆಲ್ಸ. ದೋಣಿ ನೀರಿಗಿಳ್ಸಿ ಹಿಂದೆ ತಿರ್ಗಿ ಕಾಣ್ದೆ ಮನಿಗೆ ಹೋದಾಂಗೆ.”

ಹೆಂಗಸರು ಹೌದು ಹೌದು ಅಂದರು.

“ಒಳ್ಳೆದ್ ಒಂದೇ. ರಾತ್ರಿ ರೆಕ್ಕಿ ಉದ್ರಿದ್ ಕೂಡ್ಲೆ ಅವ ಆ ಹೆಣ್ಣಿನತ್ರ ಕೇಳ್ತ, ಇವತ್ತ್ ಎಂತ ಮಾಡ್ದೆ ಅಂದ್ಹೇಳಿ. ಅದ್ ಬಾಯಿ ಬಿಡುಕಾಗ. ಆದ್ರೂ ದಿನಾ ಕೇಳ್ತ. ಕೈ ಕಂಡ್, ಮುಖ ಕಂಡ್ ತಿಳ್ಕಂತ. ನಮ್ಮನೇಲಿ ನನ್ ಹೆಂಡ್ತಿ ಮೂವತ್ತೆಂಟ್ ವರ್ಷ ಮಾತಾಡ್ತ್. ನಾನ್ ಒಂದ್ ದಿನವೂ ಹಾಂಗ್ ಕೇಳ್ಲಿಲ್ಲೆ. ಉಳ್ದ್ ಹಲ್ಗಿ ಎಲ್ಲ ಸಡ್ಲ. ಆದ್ರೆ ಇಡೀ ದೋಣಿ ಇದೊಂದ್ ಹಲ್ಗಿ ಮೇಲ್ ತೇಲತ್ತ್.”

ನಾನು ಅಲ್ಲೇ ಕೂತಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಕೂರಲಿಲ್ಲ. ಇನ್ನೊಂದು ಇದೆ ಅಂದೆ.

“ನನ್ ಹೆಂಡ್ತಿ ಓದಿದ್ ಅರ್ಧದಲ್ಲಿ ಏಳ್ ಪುಟದ್ ಮೂಲಿ ಮಡ್ಚಿಟ್ಟಿತ್ತ್. ಮನ್ಸಿಗೆ ಹಿಡ್ದದ್ದ್ ಆಗಿರ್ಕ್. ನನಗೆ ಅರ್ಥ ಆಯ್ಲಿಲ್ಲೆ. ನೀವ್ ಕಲ್ತವ್ರ್. ಕೇಣಿ.”

ಓದಿದೆ. ಒಂದರಲ್ಲಿ ಸೇನಾಪತಿಯ ಕುದುರೆಗೆ ಲಾಳ ಹೊಡೆಸುತ್ತಾರೆ. ಇನ್ನೊಂದರಲ್ಲಿ ಅರಮನೆಯ ಮೆಟ್ಟಿಲು ಎಷ್ಟು ಅಂತ ಇದೆ. ಮತ್ತೊಂದರಲ್ಲಿ ಮಂತ್ರಿಗೆ ನೆಗಡಿ.

ಬ್ರಹ್ಮಾವರದ ಟೀಚರ್ ಎದ್ದು ನಿಂತರು. ಲಾಳ ಅಂದರೆ ಸಂಸಾರದ ಬಂಧನ ಅಂದರು. ಮೆಟ್ಟಿಲು ಅಂದರೆ ಹೆಣ್ಣಿನ ಏಳುಬೀಳು. ನೆಗಡಿಯಲ್ಲೂ ಏನೋ ಇದೆ, ಅದನ್ನು ಮನೆಗೆ ಹೋಗಿ ಯೋಚಿಸಬೇಕು ಅಂದರು. ಎಂಥ ಸೂಕ್ಷ್ಮ ಓದುಗಾರ್ತಿ ಅಂದರು. ಇಬ್ಬರು ಕಣ್ಣೊರೆಸಿಕೊಂಡರು. ನನ್ನ ಎದೆ ಉಬ್ಬಿತು.

ಆಗ ಹಿಂದಿನ ಬೆಂಚಿನಿಂದ ಹೆಂಡತಿಯ ತಂಗಿ ಕೂಗಿದಳು.

“ಎಂತ ಮಣ್ಣೂ ಅಲ್ಲ ಮಾರಾಯ್ರೆ! ಅಕ್ಕ ಒಲಿ ಬುಡದಲ್ ಕೂಕಂಡ್ ಓದುದ್. ಕುಕ್ಕರ್ ಕೂಗಿದ್ ಕೂಡ್ಲೆ ಪುಟ ಮಡ್ಚಿ ಓಡುದ್. ಏಳ್ ಮಡ್ಚಿತ್ತ್ ಅಂದ್ರೆ ಏಳ್ ದಿನದ್ ಅನ್ನ!”

ಲೈಬ್ರರಿಯ ಮಾಡು ಹಾರುವ ಹಾಗೆ ನಕ್ಕರು. ಟೀಚರ್ ಮೊದಲು ಗಂಭೀರವಾಗಿದ್ದರು. ಆಮೇಲೆ ಅವರಿಗೇ ಎಲ್ಲರಿಗಿಂತ ಜೋರು ನಗು ಬಂತು. ನಾನೂ ನಕ್ಕೆ. ಹೆಂಡತಿ ಹೋದ ಮೇಲೆ ಸದ್ದು ಮಾಡಿ ನಕ್ಕದ್ದು ಅದೇ ಮೊದಲು.

ಲೈಬ್ರರಿಯ ಹುಡುಗಿ ಸಭೆಯ ಪುಸ್ತಕದಲ್ಲಿ ಬರೆದಳು. ಪಾಳಿ ಯಾರದ್ದು ಅನ್ನುವಲ್ಲಿ ನನ್ನ ಹೆಂಡತಿಯ ಹೆಸರು. ನಾನು ಬಗ್ಗಿ, ಬೆರಳಿಟ್ಟು ಓದಿ ನೋಡಿದೆ. ಸರಿ ಇತ್ತು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬೈಂದೂರಿಗೆ ಹೋದೆ. ಮಗಳು ಬಾಗಿಲು ತೆಗೆದು ನನ್ನನ್ನು ನೋಡಿ ಹೆದರಿದಳು.

“ಅಪ್ಪಯ್ಯ! ಯಾರಿಗೆ ಎಂತಾಯ್ತ್?”

“ಯಾರಿಗೂ ಎಂತದೂ ಆಯ್ಲಿಲ್ಲೆ. ನಿನ್ನೆ ನೀನ್ ಎಂತ ಮಾಡ್ದೆ ಅಂದ್ ಕೇಳುಕೆ ಬಂದೆ.”

“ಅದನ್ ಕೇಣುಕೆ ಬಸ್ಸ್ ಹತ್ತಿ ಬಂದ್ರ್ಯಾ? ಫೋನಿತ್ತಲ್ದಾ?”

“ಫೋನಲ್ ಕೇಂಡ್ರೆ ನೀನ್ ಎಂತ ಇಲ್ಲೆ ಅಂತೆ. ಹೇಳ್.”

ಅವಳು ನನ್ನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ. ಚಾ ಇಟ್ಟಳು. ಹೇಳಲು ಸುರು ಮಾಡಿದಳು. ನಾನು ಚಪ್ಪಲಿ ಕಳಚಿ ಸರಿಯಾಗಿ ಕೂತೆ. ಮಧ್ಯಾಹ್ನ ಆದರೂ ಅವಳ ನಿನ್ನೆ ಮುಗಿಯಲಿಲ್ಲ.